ಒಂದೇ ಬಂಡೆ, ಎರಡು ತೀರ್ಮಾನ

2015ರ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ದಕ್ಷಿಣ ಅಂಚಿನ ಸುಮಾರು ಹದಿನೈದು ಊರುಗಳ ಪ್ರತಿನಿಧಿಗಳು ಒಂದು ವಿಚಿತ್ರ ವಿಚಾರವನ್ನು ಗಂಭೀರವಾಗಿಯೇ ಎತ್ತಿಕೊಂಡರು: ಈ ರಾಜ್ಯ ಬಿಟ್ಟು ಪಕ್ಕದ ಪೆನ್ಸಿಲ್ವೇನಿಯಾಕ್ಕೆ ಸೇರಿಕೊಂಡರೆ ಹೇಗೆ? ಗಡಿ ತಂಟೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಇಲ್ಲಿ ಭಾಷೆಯ ಜಗಳವಿರಲಿಲ್ಲ, ನದಿ ಹಂಚಿಕೆಯ ಜಗಳವೂ ಇರಲಿಲ್ಲ. ಹಿಂದಿನ ವರ್ಷದ ಡಿಸೆಂಬರ್ 17ರಂದು ಗವರ್ನರ್ ಆಂಡ್ರ್ಯೂ ಕುಯೋಮೊ ಅವರ ಸರ್ಕಾರ ರಾಜ್ಯದಲ್ಲಿ ಫ್ರ್ಯಾಕಿಂಗ್ ನಿಷೇಧಿಸುವುದಾಗಿ ಪ್ರಕಟಿಸಿತ್ತು. ಗಡಿಯಾಚೆಯ ರೈತರು ತಮ್ಮ ಜಮೀನಿನಡಿಯ ಅನಿಲಕ್ಕೆ ತಿಂಗಳು ತಿಂಗಳು ರಾಯಲ್ಟಿ ಎಣಿಸುತ್ತಿದ್ದರೆ, ಈಚೆಯವರು ಬೇಲಿ ಹಿಡಿದು ನೋಡುತ್ತ ನಿಲ್ಲಬೇಕಾಗಿತ್ತು. ಬೇರೆಯಾಗುವ ಮಾತು ಮುಂದಕ್ಕೆ ಹೋಗಲಿಲ್ಲ. ಹೊಟ್ಟೆಯುರಿ ಮಾತ್ರ ಉಳಿಯಿತು.

ಎರಡೂ ರಾಜ್ಯಗಳ ಅಡಿಯಲ್ಲಿರುವುದು ಒಂದೇ ಬಂಡೆ, ಹೆಸರು ಮಾರ್ಸೆಲಸ್. ಸುಮಾರು 39 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೂತ ಕಪ್ಪು ಕೆಸರು ಹೆಪ್ಪುಗಟ್ಟಿ ಆದ ಜೇಡುಬಂಡೆ ಅದು. ಒಂದೂವರೆ ಎರಡು ಕಿಲೋಮೀಟರ್ ಆಳದಲ್ಲಿ, ಕೆಲವೆಡೆ ಇನ್ನೂ ಕೆಳಗೆ ಹಾಸಿಕೊಂಡಿದೆ. ಗಡಿಯ ಈಚೆ ಅದನ್ನು ಮುಟ್ಟುವಂತಿಲ್ಲ. ಆಚೆ ಅದೇ ಬಂಡೆಯ ಬಲದಿಂದ ಪೆನ್ಸಿಲ್ವೇನಿಯಾ ಅನಿಲ ಉತ್ಪಾದನೆಯಲ್ಲಿ ಟೆಕ್ಸಾಸ್ ನಂತರದ ಸ್ಥಾನಕ್ಕೆ ಏರಿತು. ಒಂದೇ ವರದಿಗಳನ್ನು ಓದಿದ ಎರಡು ಸರ್ಕಾರಗಳು ಇಷ್ಟು ದೂರ ದೂರ ಹೋದದ್ದು ಹೇಗೆ? ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಎನ್ನುವುದು ಸುಲಭದ ಉತ್ತರ. ಇಪ್ಪತ್ತು ವರ್ಷಗಳ ಈ ವಾದವನ್ನು ಹಿಂದಿರುಗಿ ನೋಡಿದರೆ ಎದ್ದು ಕಾಣುವುದು ಬೇರೆಯೇ. ತಿಳಿಯಬೇಕಾದದ್ದನ್ನು ತಿಳಿಯುವ ಮೊದಲೇ ಕೊರೆತ ಶುರುವಾಯಿತು. ಆಮೇಲೆ, ತಿಳಿಯಲು ಇದ್ದ ದಾರಿಗಳೂ ಒಂದೊಂದಾಗಿ ಮುಚ್ಚಿಕೊಂಡವು.

ಮಾಮೂಲಿ ನಿಕ್ಷೇಪದಲ್ಲಿ ಅನಿಲವು ಸಣ್ಣ ರಂಧ್ರಗಳುಳ್ಳ ಬಂಡೆಯಲ್ಲಿ ಕೂಡಿರುತ್ತದೆ. ಕೊಳವೆ ಇಳಿಸಿದರೆ ತನ್ನ ಒತ್ತಡದಿಂದಲೇ ಮೇಲೆ ಬರುತ್ತದೆ. ಜೇಡುಬಂಡೆ ಹಾಗೆ ಬಿಟ್ಟುಕೊಡುವುದಿಲ್ಲ. ಅದರ ಪದರ ತಲುಪುವವರೆಗೆ ನೇರವಾಗಿ ಕೊರೆದು, ಅಲ್ಲಿಂದ ಪದರದೊಳಗೇ ಅಡ್ಡಲಾಗಿ ಕಿಲೋಮೀಟರುಗಟ್ಟಲೆ ಸಾಗಿ, ಒಂದೂವರೆ ಕೋಟಿ ಲೀಟರ್ ಅಥವಾ ಅದಕ್ಕೂ ಹೆಚ್ಚು ನೀರನ್ನು ಮರಳು ಮತ್ತು ರಾಸಾಯನಿಕಗಳೊಂದಿಗೆ ಭಾರೀ ಒತ್ತಡದಲ್ಲಿ ನುಗ್ಗಿಸಬೇಕು. ಬಂಡೆ ಬಿರಿಯುತ್ತದೆ, ಬಿರುಕು ಮತ್ತೆ ಮುಚ್ಚದಂತೆ ಮರಳಿನ ಕಣಗಳು ತಡೆಯುತ್ತವೆ, ಅನಿಲ ಹೊರಡುತ್ತದೆ. ಇದೇ ಫ್ರ್ಯಾಕಿಂಗ್. ಬಯಲುಸೀಮೆಯ ರೈತರಿಗೆ ಇದರ ಚಿಕ್ಕ ರೂಪ ಅಪರಿಚಿತವಲ್ಲ. ನೀರು ಕಡಿಮೆಯಾದ ಬೋರ್‌ವೆಲ್ಲಿಗೆ ಒತ್ತಡದ ನೀರು ಹಾಯಿಸಿ ಬಂಡೆಯ ಬಿರುಕು ಹಿಗ್ಗಿಸುವ ಪದ್ಧತಿ ದಕ್ಷಿಣ ಭಾರತದ ಗಟ್ಟಿ ಬಂಡೆಯ ಸೀಮೆಗಳಲ್ಲೂ ಇದೆ. ಬೋರ್‌ವೆಲ್ಲಿನ ಲೆಕ್ಕ ಅಡಿಗಳಲ್ಲಿ, ಫ್ರ್ಯಾಕಿಂಗ್‌ನದು ಮೈಲಿಗಳಲ್ಲಿ.

ಅಮೆರಿಕದಲ್ಲಿ ಈ ವಿದ್ಯೆಯ ವಾಣಿಜ್ಯ ಬಳಕೆ 1949ರಷ್ಟು ಹಿಂದಿನದು. ಆದರೆ ಜೇಡುಬಂಡೆಯಿಂದ ಲಾಭ ತೆಗೆಯಬಹುದು ಎಂದು ಹಟ ಹಿಡಿದವರು ಟೆಕ್ಸಾಸ್‌ನ ಜಾರ್ಜ್ ಮಿಚೆಲ್. ಗ್ರೀಸ್‌ನಲ್ಲಿ ಆಡು ಕಾಯುತ್ತಿದ್ದು ಅಮೆರಿಕಕ್ಕೆ ವಲಸೆ ಬಂದವರ ಮಗ. ಫೋರ್ಟ್ ವರ್ತ್ ಬಳಿಯ ಬಾರ್ನೆಟ್ ಜೇಡುಬಂಡೆಗೆ ಅವರ ಕಂಪನಿ ವರ್ಷಗಟ್ಟಲೆ ಹಣ ಸುರಿಯಿತು. ಕೊನೆಗೆ 1998ರಲ್ಲಿ, ದುಬಾರಿ ಜೆಲ್‌ಗಳ ಬದಲು ಬಹುಪಾಲು ನೀರೇ ಇರುವ ಮಿಶ್ರಣ ಫಲ ಕೊಟ್ಟಿತು. ಫ್ರ್ಯಾಕಿಂಗ್‌ನ ಪಿತಾಮಹ ಎನಿಸಿಕೊಂಡ ಇದೇ ಮಿಚೆಲ್ ತೀರಿಕೊಳ್ಳುವ ಹಿಂದಿನ ವರ್ಷ, 2012ರಲ್ಲಿ, ಆಗಿನ ನ್ಯೂಯಾರ್ಕ್ ನಗರದ ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್ ಜೊತೆ ಸೇರಿ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಲೇಖನ ಬರೆದು, ಈ ಉದ್ಯಮಕ್ಕೆ ಬಿಗಿಯಾದ ಸರ್ಕಾರಿ ನಿಯಮಗಳು ಬೇಕು ಎಂದರು. ಪರಿಸರವಾದಿಗಳ ಮಾತನ್ನು ಹಗುರವಾಗಿ ತಳ್ಳಿಹಾಕುವವರು ಈ ಸಾಕ್ಷಿಯನ್ನಾದರೂ ಕೇಳಬೇಕು.

ಲಾಭದ ಪಟ್ಟಿ ಚಿಕ್ಕದಲ್ಲ, ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯೂ ಅಲ್ಲ. 2008ರ ಮಧ್ಯದಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಬಿಟಿಯು (ಶಾಖದ ಅಳತೆಯ ಮಾನ) ಅನಿಲದ ಬೆಲೆ 13 ಡಾಲರ್ ಆಸುಪಾಸಿನಲ್ಲಿತ್ತು. 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗಿಳಿಯಿತು. ಕ್ಯಾಥರೀನ್ ಹೌಸ್‌ಮನ್ ಮತ್ತು ರಯಾನ್ ಕೆಲ್ಲಾಗ್ ಎಂಬ ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ 2007ರಿಂದ 2013ರವರೆಗೆ ಈ ಅನಿಲದಿಂದ ದೇಶಕ್ಕಾದ ಒಟ್ಟು ಲಾಭ ವರ್ಷಕ್ಕೆ 4,800 ಕೋಟಿ ಡಾಲರ್. ಅದರಲ್ಲಿ ಗಮನಿಸಬೇಕಾದ ಅಂಶ ಬೇರೆ: ಬೆಲೆ ಕುಸಿದದ್ದರಿಂದ ಉತ್ಪಾದಕರು ಒಟ್ಟಾರೆ ನಷ್ಟವನ್ನೇ ಕಂಡರು, ಗೆದ್ದವರು ಬಳಕೆದಾರರು. ಅಂದರೆ ಮನೆ ಬೆಚ್ಚಗಿಟ್ಟುಕೊಂಡ ನಗರದವರು, ಗೊಬ್ಬರದ ಕಾರ್ಖಾನೆಗಳು, ವಿದ್ಯುತ್ ಕಂಪನಿಗಳು. ಕಲ್ಲಿದ್ದಲಿಗೂ ಪೆಟ್ಟು ಬಿತ್ತು. 2005ರ ಹೊತ್ತಿಗೆ ಅಮೆರಿಕದ ವಿದ್ಯುತ್ತಿನ ಅರ್ಧದಷ್ಟು ಕಲ್ಲಿದ್ದಲಿನಿಂದ ಬರುತ್ತಿತ್ತು. 2023ರಲ್ಲಿ ಅದು ಸುಮಾರು ಶೇ. 16. ವಿದ್ಯುತ್ ವಲಯದ ಇಂಗಾಲದ ಡೈಆಕ್ಸೈಡ್ ಗಣನೀಯವಾಗಿ ಇಳಿದದ್ದರಲ್ಲಿ ಗಾಳಿ, ಬಿಸಿಲಿನ ಜೊತೆಗೆ ಅಗ್ಗದ ಅನಿಲದ ಪಾಲು ದೊಡ್ಡದು.

ಆ ಲಾಭ ಇಲ್ಲಿಗೂ ಹರಿದಿದೆ. 2011ರ ಡಿಸೆಂಬರ್‌ನಲ್ಲಿ ಗೇಲ್ ಸಂಸ್ಥೆ ಲೂಸಿಯಾನಾದ ಸಬೀನ್ ಪಾಸ್‌ನಿಂದ ವರ್ಷಕ್ಕೆ 35 ಲಕ್ಷ ಟನ್ ದ್ರವೀಕೃತ ಅನಿಲವನ್ನು ಇಪ್ಪತ್ತು ವರ್ಷ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಮೊದಲ ಹಡಗು 2018ರ ಮಾರ್ಚ್ ಕೊನೆಗೆ ಮಹಾರಾಷ್ಟ್ರದ ದಾಭೋಲ್ ತಲುಪಿತು. ದಾಭೋಲ್‌ನಿಂದ ಬೆಂಗಳೂರಿಗೆ ಗೇಲ್‌ನದೇ ಕೊಳವೆ ಮಾರ್ಗವಿದೆ. ಗೇಲ್ ಮೇರಿಲ್ಯಾಂಡ್ ರಾಜ್ಯದ ಕೋವ್ ಪಾಯಿಂಟ್ ದ್ರವೀಕರಣ ಘಟಕದಲ್ಲೂ ಪಾಲು ಕಾದಿರಿಸಿತು. ಆ ಘಟಕಕ್ಕೆ ಬರುವುದು ಬಹುತೇಕ ಮಾರ್ಸೆಲಸ್ ಸೀಮೆಯ ಅನಿಲ. ತಮಾಷೆಯೆಂದರೆ ಮೇರಿಲ್ಯಾಂಡ್ 2017ರಲ್ಲಿ ತನ್ನ ನೆಲದಲ್ಲಿ ಫ್ರ್ಯಾಕಿಂಗ್ ನಿಷೇಧಿಸಿ, ಮರುವರ್ಷದಿಂದ ನೆರೆ ರಾಜ್ಯದ ಫ್ರ್ಯಾಕಿಂಗ್ ಅನಿಲವನ್ನು ಹಡಗಿಗೆ ತುಂಬತೊಡಗಿತು. ಬೆಂಗಳೂರಿನ ಫ್ಲ್ಯಾಟೊಂದರ ಒಲೆಯಲ್ಲಿ ಉರಿಯುವುದರಲ್ಲಿ ಪೆನ್ಸಿಲ್ವೇನಿಯಾದ ಪಾಲೆಷ್ಟು ಎಂದು ಬೇರ್ಪಡಿಸಿ ತೋರಿಸಲಾಗದು. ಪಾಲೇ ಇಲ್ಲ ಎಂದು ಆಣೆ ಮಾಡುವುದೂ ಆಗದು.

ಬೆಲೆ ತೆತ್ತವರ ಊರುಗಳಲ್ಲಿ ಹೆಚ್ಚು ಹೆಸರಾದದ್ದು ಡಿಮಕ್. ಈಶಾನ್ಯ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಕೌಂಟಿಯ, ಹೈನುಗಾರಿಕೆಯ ಪುಟ್ಟ ಊರು. ಆರಂಭದಲ್ಲಿ ಅಲ್ಲಿಯ ಜಮೀನುಗಳು ಎಕರೆಗೆ 25 ಡಾಲರ್ ಲೆಕ್ಕದಲ್ಲಿ ಗುತ್ತಿಗೆಗೆ ಹೋಗಿದ್ದವು. 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿ ಸ್ಫೋಟಿಸಿ ಮುಚ್ಚಿದ್ದ ಕಾಂಕ್ರೀಟ್ ಹಾಸು ಒಡೆಯಿತು. ಬಾವಿಯಲ್ಲಿ ಮೀಥೇನ್ ತುಂಬಿತ್ತು. ರಾಜ್ಯದ ಪರಿಸರ ಇಲಾಖೆ ಕ್ಯಾಬಟ್ ಕಂಪನಿಯ ಅನಿಲ ಬಾವಿಗಳ ದೋಷದತ್ತ ಬೆರಳು ಮಾಡಿತು. ಈ ನೀರಿನಲ್ಲಿ ಮೀಥೇನ್ ಮೊದಲಿನಿಂದಲೂ ಇದೆ ಎಂದು ಕಂಪನಿ ವಾದಿಸಿತು. 2020ರಲ್ಲಿ ಕ್ರಿಮಿನಲ್ ಆರೋಪ ದಾಖಲಾಯಿತು. 2022ರ ನವೆಂಬರ್‌ನಲ್ಲಿ, ಅಷ್ಟರಲ್ಲಿ ಕೊಟೆರಾ ಎಂದು ಹೆಸರು ಬದಲಾಗಿದ್ದ ಕಂಪನಿ, ಆರೋಪವನ್ನು ಪ್ರತಿವಾದಿಸುವುದಿಲ್ಲ ಎಂದು ನ್ಯಾಯಾಲಯಕ್ಕೆ ತಿಳಿಸಿ, ಊರಿಗೆ ಹೊಸ ಕುಡಿಯುವ ನೀರಿನ ಕೊಳವೆ ಹಾಕಿಸಲು 1 ಕೋಟಿ 62 ಲಕ್ಷ ಡಾಲರ್‌ಗೂ ಹೆಚ್ಚು ಕೊಡಲು ಒಪ್ಪಿತು. ಬಾವಿ ಸ್ಫೋಟಿಸಿ ಅಷ್ಟು ಹೊತ್ತಿಗೆ ಹದಿಮೂರು ವರ್ಷ ಕಳೆದಿತ್ತು.

ಹದಿಮೂರು ವರ್ಷ ಏಕೆ ಬೇಕಾಯಿತು? ಕೊರೆಯುವ ಮೊದಲು ಆ ಬಾವಿಗಳ ನೀರು ಹೇಗಿತ್ತು ಎಂಬುದಕ್ಕೆ ಒಪ್ಪಬಹುದಾದ ದಾಖಲೆ ಇರಲಿಲ್ಲ. ಕಂಪನಿಯ ಮಾತೂ ಪೂರ್ತಿ ಸುಳ್ಳಲ್ಲ. ಮೀಥೇನ್ ತಾನಾಗಿ ಗುಳ್ಳೆಯೇಳುವ ಬುಗ್ಗೆಗಳು ಅದೇ ಕೌಂಟಿಯಲ್ಲಿವೆ. ಪೆನ್ಸಿಲ್ವೇನಿಯಾದಲ್ಲಿ ಖಾಸಗಿ ನೀರಿನ ಬಾವಿಗಳ ನಿರ್ಮಾಣಕ್ಕೆ ರಾಜ್ಯದ ಮಾನದಂಡಗಳೇ ಇಲ್ಲ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೊರೆತಕ್ಕೆ ಮುಂಚೆಯೇ ಶೇ. 40ರಷ್ಟು ಬಾವಿಗಳು ಕುಡಿಯುವ ನೀರಿನ ಒಂದಾದರೂ ಮಾನದಂಡದಲ್ಲಿ ಅನುತ್ತೀರ್ಣವಾಗಿದ್ದವು. ಹಾಗಾಗಿ ಕೆಟ್ಟ ನೀರಿನ ಲೋಟ ಹಿಡಿದು ನಿಂತ ರೈತನಿಗೆ ನಿನ್ನೆಯ ನೀರು ಹೀಗಿರಲಿಲ್ಲ ಎಂದು ಸಾಬೀತು ಮಾಡುವುದು ಕಷ್ಟ. ಕಂಪನಿಗೆ ನಿನ್ನೆಯೂ ಹೀಗೇ ಇತ್ತು ಎನ್ನುವುದು ಸಲೀಸು.

ಎದುರು ಪಾಳೆಯವೂ ಆತುರಪಟ್ಟಿತು. 2010ರಲ್ಲಿ ಬಂದ ಜಾಶ್ ಫಾಕ್ಸ್ ಅವರ ‘ಗ್ಯಾಸ್‌ಲ್ಯಾಂಡ್’ ಸಾಕ್ಷ್ಯಚಿತ್ರದಲ್ಲಿ ನಲ್ಲಿಯ ನೀರಿಗೆ ಬೆಂಕಿ ಹತ್ತುವ ದೃಶ್ಯ ಜಗತ್ತನ್ನು ಸುತ್ತಿತು. ಚಿತ್ರದಲ್ಲಿ ಕಂಡ ಕೊಲರಾಡೊದ ಅಂಥ ಒಂದು ಪ್ರಕರಣವನ್ನು ಪರೀಕ್ಷಿಸಿದ್ದ ರಾಜ್ಯದ ನಿಯಂತ್ರಕ ಸಂಸ್ಥೆಯ ಪ್ರಕಾರ ಆ ಅನಿಲ ಸೂಕ್ಷ್ಮಜೀವಿಗಳಿಂದ ಹುಟ್ಟಿದ್ದು, ಆಳದ ಕೊರೆತಕ್ಕೆ ಸೇರಿದ್ದಲ್ಲ. ಒಂದು ಉರಿಯುವ ನಲ್ಲಿ ಸುಳ್ಳಾದ ಮಾತ್ರಕ್ಕೆ ಡಿಮಕ್ ಸುಳ್ಳಾಗುವುದಿಲ್ಲ. ಆದರೆ ಉದ್ಯಮದವರಿಗೆ ಆ ಒಂದೇ ನಲ್ಲಿ ಸಾಕಾಯಿತು.

ವಿಜ್ಞಾನ ನಿಧಾನವಾಗಿ ದಾರಿ ಬಿಡಿಸಿತು. 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ, ಅನಿಲ ಬಾವಿಗಳಿಂದ ಒಂದು ಕಿಲೋಮೀಟರ್ ಒಳಗಿನ ನೀರಿನ ಬಾವಿಗಳಲ್ಲಿ ಮೀಥೇನ್ ಸರಾಸರಿ 17 ಪಟ್ಟು ಹೆಚ್ಚಿರುವುದನ್ನು ಕಂಡಿತು. ಫ್ರ್ಯಾಕಿಂಗ್ ರಾಸಾಯನಿಕಗಳ ಗುರುತು ಮಾತ್ರ ಸಿಗಲಿಲ್ಲ. 2014ರ ಅಧ್ಯಯನವೊಂದು ಜಡ ಅನಿಲಗಳ ಜಾಡು ಹಿಡಿದು ಹೊರಟು, ತಪ್ಪು ಇರುವುದು ಆಳದ ಬಿರುಕುಗಳಲ್ಲಲ್ಲ, ಬಾವಿಯ ಕೇಸಿಂಗ್ ಮತ್ತು ಸಿಮೆಂಟಿನಲ್ಲಿ ಎಂದಿತು. ಒಂದೂವರೆ ಕಿಲೋಮೀಟರ್ ಕೆಳಗೆ ಬಂಡೆ ಬಿರಿದದ್ದರಿಂದ ವಿಷ ಮೇಲಕ್ಕೆ ಹತ್ತಿ ಬರುತ್ತದೆ ಎಂಬ ಜನಪ್ರಿಯ ಭಯಕ್ಕೆ ಆಧಾರ ತೆಳುವಾಯಿತು. ಅಂತರ್ಜಲದ ಪದರ ದಾಟಿ ಹೋಗುವ ಕೊಳವೆಯ ಸುತ್ತಲಿನ ಕಳಪೆ ಗಾರೆಯ ಮೇಲೆ ಅನುಮಾನ ಗಟ್ಟಿಯಾಯಿತು. ಬಿರುಕಿಗೂ ಗಾರೆಗೂ ನಡುವಿನ ಇದೇ ಗೆರೆಯನ್ನು ಉದ್ಯಮ ಚೆನ್ನಾಗಿ ಬಳಸಿಕೊಂಡಿತು. ಬಂಡೆ ಒಡೆಯುವ ಆ ಕೆಲವು ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, ಫ್ರ್ಯಾಕಿಂಗ್‌ನಿಂದ ನೀರು ಕೆಟ್ಟ ಉದಾಹರಣೆಯೇ ಇಲ್ಲ ಎಂದಿತು. ಕೊರೆತ, ಸಿಮೆಂಟು, ಲಾರಿಗಳು, ಕೊಳಚೆಯ ಹೊಂಡಗಳು, ಇಪ್ಪತ್ತು ವರ್ಷ ಮಣ್ಣೊಳಗೆ ನಿಲ್ಲುವ ಕಬ್ಬಿಣ ಇವೆಲ್ಲ ಆ ಲೆಕ್ಕದ ಹೊರಗೆ. ಊರಿನವರಿಗೆ ಬೇಕಾದ ಲೆಕ್ಕ ಮಾತ್ರ ಪೂರ್ತಿಯದು.

ಅದನ್ನು ಪೂರ್ತಿಯಾಗಿ ಮಾಡಲು ಬೇಕಾದ ಮಾಹಿತಿಗೇ ಬೀಗ ಬಿದ್ದಿತ್ತು. 2005ರ ಇಂಧನ ನೀತಿ ಕಾಯ್ದೆ, ಡೀಸೆಲ್ ಬಳಕೆಯೊಂದನ್ನು ಬಿಟ್ಟು, ಫ್ರ್ಯಾಕಿಂಗ್ ದ್ರವವನ್ನು ಕುಡಿಯುವ ನೀರಿನ ಕೇಂದ್ರ ಕಾನೂನಿನ ನಿಯಂತ್ರಣದಿಂದ ಹೊರಗಿಟ್ಟಿತು. ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಅದಕ್ಕೂ ಮುಂಚೆ ಇದೇ ಕೆಲಸದ ದೈತ್ಯ ಕಂಪನಿ ಹ್ಯಾಲಿಬರ್ಟನ್‌ನ ಮುಖ್ಯಸ್ಥರಾಗಿದ್ದರು. ಜನ ಆ ವಿನಾಯಿತಿಗೆ ಕಂಪನಿಯ ಹೆಸರನ್ನೇ ಇಟ್ಟರು. ದ್ರವದಲ್ಲಿ ಏನೇನಿದೆ ಎಂಬುದು ವ್ಯಾಪಾರ ರಹಸ್ಯ. ಕೇಸು ಹಾಕಿದ ಕುಟುಂಬಗಳಿಗೆ ಪರಿಹಾರ ಸಿಕ್ಕಿತು, ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ. ಪೆನ್ಸಿಲ್ವೇನಿಯಾದ ಒಂದು ಕುಟುಂಬ 2011ರಲ್ಲಿ 7.5 ಲಕ್ಷ ಡಾಲರ್‌ಗೆ ರಾಜಿಯಾಯಿತು. 2013ರಲ್ಲಿ ಹೊರಬಂದ ನ್ಯಾಯಾಲಯದ ದಾಖಲೆಯಲ್ಲಿ ಮೌನದ ಷರತ್ತು ಅವರ 7 ಮತ್ತು 10 ವರ್ಷದ ಮಕ್ಕಳಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಕಂಪನಿಯ ವಕೀಲರು ಹೌದು ಎಂದಿದ್ದರು! ಸುದ್ದಿಯಾದ ಮೇಲೆ, ಮಕ್ಕಳಿಗೆ ಅದು ಅನ್ವಯಿಸದು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಏಳು ವರ್ಷದ ಮಗುವಿನ ಬಾಯಿಗೆ ಬೀಗ ಹಾಕುವ ವಿಚಾರ ನ್ಯಾಯಾಲಯದವರೆಗೆ ಬಂದದ್ದೇ ಸಾಕು, ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಇದರ ಪರಿಣಾಮ ರಾಷ್ಟ್ರಮಟ್ಟದ ವರದಿಯಲ್ಲೂ ಕಾಣುತ್ತದೆ. ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ 2015ರ ಕರಡು, ಕುಡಿಯುವ ನೀರಿನ ಮೇಲೆ ವ್ಯಾಪಕ, ವ್ಯವಸ್ಥಿತ ಪರಿಣಾಮದ ಪುರಾವೆ ಕಂಡಿಲ್ಲ ಎಂದಿತ್ತು. ಆ ಮಾತಿಗೆ ಅಂಕಿಅಂಶದ ಆಧಾರವೆಲ್ಲಿ ಎಂದು ಸಂಸ್ಥೆಯ ವಿಜ್ಞಾನ ಸಲಹಾ ಮಂಡಳಿಯೇ ಕೇಳಿತು. 2016ರ ಡಿಸೆಂಬರ್‌ನ ಅಂತಿಮ ವರದಿಯಿಂದ ಆ ವಾಕ್ಯ ಮಾಯವಾಯಿತು. ಕೆಲವು ಸಂದರ್ಭಗಳಲ್ಲಿ ನೀರಿಗೆ ಹಾನಿಯಾಗಿದೆ, ಎಷ್ಟು ವ್ಯಾಪಕ ಎಂದು ಹೇಳಲು ದತ್ತಾಂಶ ಸಾಲದು ಎಂಬುದು ಕೊನೆಯ ಮಾತು.

ಅಳೆದಲ್ಲಿ ಏನಾಗುತ್ತದೆ ಎಂಬುದನ್ನು ಒಕ್ಲಹೋಮಾ ತೋರಿಸಿತು. 2009ಕ್ಕೆ ಮುಂಚೆ ಅಲ್ಲಿ 3ರ ತೀವ್ರತೆ ಮೀರಿದ ಭೂಕಂಪ ವರ್ಷಕ್ಕೆ ಒಂದೋ ಎರಡೋ. 2015ರಲ್ಲಿ ಸುಮಾರು 900. ಮರುವರ್ಷ ಪಾನಿ ಎಂಬಲ್ಲಿ 5.8 ತೀವ್ರತೆಯ ಕಂಪನವಾಯಿತು. ಇದರ ಬಹುಪಾಲಿಗೆ ಕಾರಣ ಬಂಡೆ ಒಡೆಯುವ ಕೆಲಸವಲ್ಲ. ತೈಲ, ಅನಿಲದೊಂದಿಗೆ ಮೇಲೆ ಬರುವ ಉಪ್ಪುನೀರನ್ನು ಬೇರೆ ಬಾವಿಗಳ ಮೂಲಕ ಮತ್ತೆ ಆಳಕ್ಕೆ ತುಂಬುವುದು. ಭೂಕಂಪವನ್ನು ವ್ಯಾಪಾರ ರಹಸ್ಯ ಎನ್ನಲಾಗದು, ಯಂತ್ರ ಬರೆದಿಡುತ್ತದೆ. ಕಾರಣ ಖಚಿತವಾದ ಮೇಲೆ ರಾಜ್ಯದ ನಿಯಂತ್ರಕರು ತುಂಬುವ ಪ್ರಮಾಣ ಕಡಿತಗೊಳಿಸಿದರು, ಕಂಪನಗಳೂ ಇಳಿದವು.

ಆರೋಗ್ಯದ ವಿಷಯದಲ್ಲಿ ಅಷ್ಟು ಸ್ಪಷ್ಟತೆ ಇಲ್ಲ, ಆದರೆ ಕಡೆಗಣಿಸುವ ಕಾಲ ದಾಟಿದೆ. ಪೆನ್ಸಿಲ್ವೇನಿಯಾದ 11 ಲಕ್ಷ ಜನನಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ಬಾವಿಯಿಂದ ಒಂದು ಕಿಲೋಮೀಟರ್ ಒಳಗಿನ ತಾಯಂದಿರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಶೇ. 25ರಷ್ಟು ಹೆಚ್ಚು ಎಂದಿತು. ಮೂರು ಕಿಲೋಮೀಟರ್ ದಾಟಿದರೆ ಪರಿಣಾಮ ಕಾಣಲಿಲ್ಲ. 2022ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬಾವಿಗಳ ಹತ್ತಿರದ ಮಕ್ಕಳಲ್ಲಿ ಲ್ಯುಕೇಮಿಯಾ ಸುಮಾರು ಎರಡು ಪಟ್ಟು ಹೆಚ್ಚೆಂದರು. ಮರುವರ್ಷ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನಕ್ಕೆ ಲ್ಯುಕೇಮಿಯಾದ ನಂಟು ಸಿಗಲಿಲ್ಲ, ಆದರೆ ಲಿಂಫೋಮಾ ಮತ್ತು ಉಲ್ಬಣಿಸುವ ಆಸ್ತಮಾದ ನಂಟು ಸಿಕ್ಕಿತು. ಈ ಫಲಿತಾಂಶಗಳು ತಾಳೆಯಾಗದಿರುವುದನ್ನೇ ಹಿಡಿದು ಎಲ್ಲವೂ ಸುಳ್ಳು ಎನ್ನುವವರಿದ್ದಾರೆ. ಇವು ನಂಟು ತೋರಿಸುವ ಅಧ್ಯಯನಗಳು, ಕಾರಣ ಸಾಬೀತು ಮಾಡುವಂಥವಲ್ಲ, ನಿಜ. ಆದರೂ ಮೂರರಲ್ಲೂ ಬಾವಿಗೆ ಹತ್ತಿರವಾದಷ್ಟೂ ಏನೋ ಒಂದು ಕೆಡುತ್ತಿದೆ. ತನ್ನ ಕುಟುಂಬ ಇಂಥಲ್ಲಿ ವಾಸಿಸುವುದು ತನಗೆ ಇಷ್ಟವಿಲ್ಲ ಎಂದು 2014ರಲ್ಲೇ ಹೇಳಿದ್ದ ನ್ಯೂಯಾರ್ಕ್‌ನ ಅಂದಿನ ಹಂಗಾಮಿ ಆರೋಗ್ಯ ಆಯುಕ್ತ ಹೊವರ್ಡ್ ಝುಕರ್ ಅವರನ್ನು ಆಗ ಭಾವುಕ ಎಂದು ಟೀಕಿಸಿದವರು ಈಗ ಅಷ್ಟು ಜೋರಾಗಿ ಮಾತಾಡುವಂತಿಲ್ಲ.

ಹವಾಮಾನದ ಲೆಕ್ಕವೂ ಸೋರಿಕೆಯ ಮೇಲೆ ನಿಂತಿದೆ. ಅನಿಲ ಉರಿದರೆ ಕಲ್ಲಿದ್ದಲಿಗಿಂತ ಕಡಿಮೆ ಇಂಗಾಲ, ಉರಿಯದೆ ಸೋರಿದರೆ ಅದೇ ಮೀಥೇನ್ ಇಪ್ಪತ್ತು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನ ಅಮೆರಿಕದ ಸೋರಿಕೆಯನ್ನು ಉತ್ಪಾದನೆಯ ಶೇ. 2.3 ಎಂದು ಅಂದಾಜಿಸಿತು, ಸರ್ಕಾರಿ ಲೆಕ್ಕಕ್ಕಿಂತ ಶೇ. 60ರಷ್ಟು ಹೆಚ್ಚು. ಅಲ್ಲೂ ಅಳತೆ ತಡವಾಗಿಯೇ ಬಂತು.

ಹಾಗಾದರೆ ಪೆನ್ಸಿಲ್ವೇನಿಯಾದ ಜನ ಏಕೆ ಒಪ್ಪಿದರು? ಅಲ್ಲಿ ನೆಲದಡಿಯ ಅನಿಲ ಖಾಸಗಿ ಸ್ವತ್ತು, ಬಹಳ ಸಲ ಜಮೀನಿನ ಒಡೆಯನದೇ. ಕನಿಷ್ಠ ಎಂಟನೇ ಒಂದು ಪಾಲು ರಾಯಲ್ಟಿ ಎಂದು 1979ರ ಕಾನೂನೇ ಇದೆ. ಹಾಲಿನ ಬೆಲೆ ಬಿದ್ದು ಸಾಲದಲ್ಲಿದ್ದ ರೈತನಿಗೆ ಅದು ದೇವರು ಕೊಟ್ಟ ವರ. ಬ್ರಿಟನ್ನಿನಲ್ಲಿ ತೈಲ, ಅನಿಲ ಸರ್ಕಾರದ್ದು. ಊರಿನವರಿಗೆ ಸಿಗುವುದು ಲಾರಿಯ ದೂಳು ಮಾತ್ರ. ಲ್ಯಾಂಕಶೈರ್‌ನ ಪ್ರೆಸ್ಟನ್ ನ್ಯೂ ರೋಡ್‌ನ ಫ್ರ್ಯಾಕಿಂಗ್ ತಾಣದಲ್ಲಿ 2019ರ ಆಗಸ್ಟ್‌ನಲ್ಲಿ 2.9ರ ಕಂಪನವಾದದ್ದೇ ನೆಪವಾಗಿ ನವೆಂಬರ್‌ನಲ್ಲಿ ತಡೆ ಬಿತ್ತು. 2022ರಲ್ಲಿ ಪ್ರಧಾನಿ ಲಿಜ್ ಟ್ರಸ್ ಅದನ್ನು ತೆಗೆದರು, ಅವರ ನಂತರ ಬಂದ ರಿಷಿ ಸುನಕ್ ಮರಳಿ ಹೇರಿದರು. ಅಪಾಯದ ಅಳತೆಗಿಂತ ಹಣ ಯಾರ ಕೈಗೆ ಹೋಗುತ್ತದೆ ಎಂಬುದೇ ಜನಾಭಿಪ್ರಾಯವನ್ನು ಹೆಚ್ಚು ತಿರುಗಿಸಿದಂತೆ ಕಾಣುತ್ತದೆ. ಪೆನ್ಸಿಲ್ವೇನಿಯಾದಲ್ಲೂ ರಾಯಲ್ಟಿ ಇಲ್ಲದ ನೆರೆಯವನು ಅದೇ ನೀರು ಕುಡಿಯುತ್ತಾನೆ, ಅದೇ ಗಾಳಿ ಉಸಿರಾಡುತ್ತಾನೆ. ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಈ ದೃಷ್ಟಿಯಿಂದ ನ್ಯೂಯಾರ್ಕ್‌ನ ನಿಷೇಧವೂ ಪೂರ್ತಿ ಶುಭ್ರವಲ್ಲ. ಅನಿಲ ಬಳಕೆಯನ್ನು ಅದು ನಿಲ್ಲಿಸಲಿಲ್ಲ. 2021ರಲ್ಲಿ ಇಂಡಿಯನ್ ಪಾಯಿಂಟ್ ಪರಮಾಣು ಸ್ಥಾವರ ಮುಚ್ಚಿದ ಮೇಲೆ ವಿದ್ಯುತ್ತಿಗೆ ಇನ್ನಷ್ಟು ಅನಿಲ ಉರಿಸಿತು. ತೊಂದರೆ ಗಡಿಯಾಚೆ, ಬಿಸಿ ಈಚೆ. ಆದರೂ ತಿಳಿಯುವವರೆಗೆ ಕೊರೆಯುವುದು ಬೇಡ ಎಂದ ರಾಜ್ಯ, ಕೊರೆದು ಆಮೇಲೆ ನೋಡೋಣ ಎಂದ ರಾಜ್ಯಕ್ಕಿಂತ ಹೆಚ್ಚು ವಿವೇಕದಿಂದ ನಡೆದುಕೊಂಡಿತು ಎನ್ನಲೇಬೇಕು. ಕಾದದ್ದರಿಂದ ನ್ಯೂಯಾರ್ಕ್ ಕಳೆದುಕೊಂಡದ್ದು ಹಣ. ಬಂಡೆ ಮತ್ತು ಅನಿಲ ಇದ್ದಲ್ಲೇ ಇವೆ.

ಭಾರತದಲ್ಲಿ ಈ ಅಧ್ಯಾಯ ಬರಿ ಮುನ್ನುಡಿಯಲ್ಲಿದೆ. 2011ರ ಜನವರಿಯಲ್ಲಿ ದುರ್ಗಾಪುರದ ಬಳಿಯ ಇಚ್ಛಾಪುರದಲ್ಲಿ ಒಎನ್‌ಜಿಸಿಗೆ ಜೇಡುಬಂಡೆಯ ಅನಿಲ ಸಿಕ್ಕಿತು. 2013ರಲ್ಲಿ ಸರ್ಕಾರಿ ಕಂಪನಿಗಳಿಗೆ, 2018ರಲ್ಲಿ ಇತರ ಗುತ್ತಿಗೆದಾರರಿಗೂ ಶೋಧಕ್ಕೆ ದಾರಿ ತೆರೆಯಲಾಯಿತು. ಖಂಬಾತ್, ಕೃಷ್ಣಾ-ಗೋದಾವರಿ, ಕಾವೇರಿ, ದಾಮೋದರ ಜಲಾನಯನಗಳ ಹೆಸರು ಕೇಳಿಬಂದವು. ಕರ್ನಾಟಕದ ನೆಲದ ಬಹುಭಾಗ ಗಟ್ಟಿ ಶಿಲೆ, ಇಲ್ಲಿ ಆ ಚಿಂತೆ ಇಲ್ಲ. ಆದರೆ ಇಲ್ಲಿಂದ ಹರಿಯುವ ಕಾವೇರಿಯ ಮುಖಜ ಭೂಮಿಯಲ್ಲಿ ನೆಡುವಾಸಲ್‌ನಂಥ ಊರುಗಳ ರೈತರು ಹೈಡ್ರೋಕಾರ್ಬನ್ ಯೋಜನೆಗಳ ವಿರುದ್ಧ ತಿಂಗಳುಗಟ್ಟಲೆ ಕೂತರು. 2020ರಲ್ಲಿ ತಮಿಳುನಾಡು ಕಾನೂನು ಮಾಡಿ ಮುಖಜ ಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ ಜೇಡುಬಂಡೆಯ ಅನಿಲವೂ ಸೇರಿ ಹೊಸ ಶೋಧಕ್ಕೆ ತಡೆ ಹಾಕಿತು. ಒಬ್ಬೊಬ್ಬ ರೈತನಿಗೂ ಒಂದೆರಡು ಎಕರೆ, ಊರು ಊರಿಗೆ ತಾಗಿಕೊಂಡ ಜನವಸತಿ, ಪ್ರತಿ ಬೆಳೆಗೂ ನೀರಿನ ತಗಾದೆ ಇರುವ ಸೀಮೆಯಲ್ಲಿ ಅದು ಸರಿಯಾದ ನಿರ್ಧಾರ.

ಖಂಬಾತ್ ಅಥವಾ ಕೃಷ್ಣಾ-ಗೋದಾವರಿಯಲ್ಲಿ ಈ ಕೆಲಸ ನಾಳೆ ಶುರುವಾಗುವುದಾದರೆ, ಮಾರ್ಗಸೂಚಿಗಳನ್ನು ಕಡತದಲ್ಲಿಟ್ಟರೆ ಸಾಲದು. ರಿಗ್ ಬರುವುದಕ್ಕೆ ಕನಿಷ್ಠ ಒಂದು ವರ್ಷ ಮುಂಚೆ, ಕೊರೆಯುವ ಜಾಗದ ಸುತ್ತಲಿನ ಪ್ರತಿ ಬಾವಿ, ಬೋರ್‌ವೆಲ್ಲಿನ ನೀರು ಪರೀಕ್ಷೆಯಾಗಬೇಕು. ಪರೀಕ್ಷೆ ಮಾಡುವವರು ಕಂಪನಿಯ ಸಂಬಳದವರಾಗಿರಬಾರದು. ಖರ್ಚು ಮಾತ್ರ ಕಂಪನಿಯದೇ. ಫಲಿತಾಂಶ, ದ್ರವದ ರಾಸಾಯನಿಕಗಳ ಪಟ್ಟಿಯೊಂದಿಗೆ, ಊರಿನ ಭಾಷೆಯಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ಪರಿಹಾರದ ಯಾವ ಒಪ್ಪಂದದಲ್ಲೂ ಮೌನದ ಷರತ್ತು ಇರಕೂಡದು. ಈ ನಾಲ್ಕು ಮಾತು ಕಾನೂನಾಗುವವರೆಗೆ ಯಾವ ರಾಜ್ಯ ಸರ್ಕಾರವೂ ಒಂದು ಎಕರೆಯನ್ನೂ ಬಿಟ್ಟುಕೊಡಬಾರದು, ಯಾವ ಗ್ರಾಮಸಭೆಯೂ ಒಪ್ಪಿಗೆಯ ಠರಾವಿಗೆ ಸಹಿ ಹಾಕಬಾರದು.